ಮಿಕ್ಸರ್ ಹಿಂದಿನಿಂದ: ಲ್ಯಾಪ್‌ಟಾಪ್ ಬೀಟು, ರಾಕ್ ಗಿಟಾರು

ಡಿಜೆ ಬೀಟ್ ಜೊತೆ ರಾಕ್ ಗಿಟಾರ್ ಸೇರಿಸಿ ಸ್ವಂತ ಹಾಡು ಮಾಡುವ ನಮ್ಮೂರಿನ ಹುಡುಗ ಹುಡುಗಿಯರ ಬಗ್ಗೆ ಕಳೆದ ತಿಂಗಳು ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಈ ಅಂಕಣಕ್ಕೆ ಹಿಂದೆಂದೂ ಬಂದಿರಲಿಲ್ಲ. ಹಾಗಾಗಿ ಈ ಸಲದ ಜಾಗವೆಲ್ಲ ಅವರಿಗೇ. ಹೊಸ ಓದುಗರಿಗೆ ಒಂದು ಮಾತು: ನಾನು ಉಡುಪಿಯವನು, ಅಪ್ಪನ ಮೈಕ್ ಸೆಟ್ ಅಂಗಡಿಯಲ್ಲೇ ಬೆಳೆದವನು. ಯಕ್ಷಗಾನ, ಕ್ರೈಸ್ತರ ಮದುವೆಗೆ ಮೊದಲಿನ ರೋಸ್, ಸ್ಕೂಲ್ ಡೇ, ಮೆಹಂದಿ ಅಂತ ಮಿಕ್ಸರ್ ಹಿಂದೆ, ಅಂದರೆ ಎಲ್ಲ ಮೈಕು ವಾದ್ಯಗಳ ಸದ್ದು ಸೇರಿಸಿ ಹದ ಮಾಡುವ ಯಂತ್ರದ ಹಿಂದೆ, ಕೂತು ಇಪ್ಪತ್ನಾಲ್ಕು ವರ್ಷ ಆಯಿತು.

ಅಣ್ಣಾ, ನಾವು ನಾಲ್ಕು ಜನ. ಎರಡು ಗಿಟಾರ್, ಒಂದು ಡ್ರಮ್ಸ್, ಇನ್ನೊಬ್ಬನ ಕೈಯಲ್ಲಿ ಲ್ಯಾಪ್‌ಟಾಪ್ ಮತ್ತು ಕೀಬೋರ್ಡ್. ರೂಮಿನಲ್ಲಿ ಚೆನ್ನಾಗಿ ಕೇಳುತ್ತದೆ. ಸ್ಟೇಜ್ ಮೇಲೆ ಲ್ಯಾಪ್‌ಟಾಪಿನ ಟ್ರ್ಯಾಕ್ (ಮೊದಲೇ ಮಾಡಿಟ್ಟ ಬೀಟು) ಶುರುವಾದ ಕೂಡಲೇ ಗಿಟಾರ್ ಮಾಯ. ವಾಲ್ಯೂಮ್ ಏರಿಸಿದರೆ ಬರೀ ಗಲಾಟೆ. ಎಲ್ಲಿ ತಪ್ಪುತ್ತಿದ್ದೇವೆ?
— ಗಿಟಾರ್ ನುಡಿಸುವವ, ಮಣಿಪಾಲ

ತಮ್ಮಾ, ನೀನು ಕಳಿಸಿದ ರೆಕಾರ್ಡಿಂಗ್ ಮೂರು ಸಲ ಕೇಳಿದೆ. ಹಾಡು ಚೆನ್ನಾಗಿದೆ, ಮೊದಲು ಅದನ್ನು ಹೇಳಬೇಕು. ತೊಂದರೆ ಇರುವುದು ವಾಲ್ಯೂಮಿನಲ್ಲಲ್ಲ. ಸದ್ದಿನ ಏಣಿಯಲ್ಲಿ ಎಲ್ಲರೂ ಒಂದೇ ಮೆಟ್ಟಿಲ ಮೇಲೆ ಕುಳಿತಿದ್ದೀರಿ.

ಆ ಏಣಿಯನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಸದ್ದು ದಪ್ಪ. ನಿಮ್ಮ ಟ್ರ್ಯಾಕಿನ ಕಿಕ್ ಡ್ರಮ್ (ಆ ಧಂ ಧಂ ಗುದ್ದು) ಇರುವುದು 50, 60 ಹರ್ಟ್ಸ್ ಹತ್ತಿರ. ಅದಕ್ಕೆ ಅಂಟಿಕೊಂಡೇ ಸಿಂಥ್ ಬೇಸ್, ಅಂದರೆ ಸಿಂಥಸೈಜರಿನ ದಪ್ಪ ಸ್ವರ. ನಿನ್ನ ಗಿಟಾರಿನ ದಪ್ಪ ತಂತಿ ಶುರುವಾಗುವುದು 82 ಹರ್ಟ್ಸ್‌ನಲ್ಲಿ. ರೂಮಿನ ಚಿಕ್ಕ ಆಂಪ್ಲಿಫೈಯರ್‌ನಲ್ಲಿ ಗಿಟಾರ್ ತೆಳುವಾಗಿ ಕೇಳಿತು ಅಂತ ನೀನು ಬೇಸ್ ಗುಂಡಿಯನ್ನು ಮೇಲಕ್ಕೆ ತಿರುಗಿಸಿ ಇಟ್ಟಿದ್ದೀಯ, ಅಲ್ವಾ? ಅದೇ ಸೆಟ್ಟಿಂಗ್ ದೊಡ್ಡ ಸಬ್‌ವೂಫರ್ ಇರುವ ಸ್ಟೇಜಿಗೆ ಬಂದರೆ ಕೆಳಗೆಲ್ಲ ಕೆಸರು. ನಾನಾಗಿದ್ದರೆ ಮಿಕ್ಸರಿನಲ್ಲಿ ಗಿಟಾರಿನ 120 ಹರ್ಟ್ಸ್ ಕೆಳಗಿನದ್ದನ್ನು ಕತ್ತರಿಸಿ ಬಿಡುತ್ತೇನೆ. ಅದೊಂದನ್ನೇ ಕೇಳಿದರೆ ಗಿಟಾರ್ ಬಡವಾದ ಹಾಗೆ ಅನಿಸುತ್ತದೆ. ಅನಿಸಲಿ. ಎಲ್ಲರ ಜೊತೆ ಕೇಳಿ ನೋಡು, ಆಗ ಗೊತ್ತಾಗುತ್ತದೆ. ಡಿಸ್ಟಾರ್ಷನ್ ಗೇನ್ (ಗಿಟಾರಿನ ಸದ್ದನ್ನು ಒರಟು ಮಾಡುವ ಗುಂಡಿ) ಕೂಡ ಈಗ ಇರುವುದರ ಅರ್ಧಕ್ಕೆ ಇಳಿಸು. ಗೇನ್ ಜಾಸ್ತಿಯಾದಷ್ಟೂ ಪೆಟ್ಟಿನ ಮೊನೆ ಹೋಗುತ್ತದೆ, ಬರೀ ಗುಂಯ್ ಉಳಿಯುತ್ತದೆ.

ಇನ್ನು ಕೀಬೋರ್ಡಿನವನಿಗೆ. ಕೋರಸ್‌ನಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿಯಲ್ಲಿ, ನೀವು ಹಿಡಿದಿರುವ ಆ ಉದ್ದದ ಪ್ಯಾಡ್ (ಎಳೆದು ಹಿಡಿದ ಸ್ವರಗುಚ್ಛ) ಗಿಟಾರ್ ಇರುವ ಜಾಗವನ್ನೇ ತುಂಬಿದೆ. ಗಿಟಾರ್ ಬಂದ ಕೂಡಲೇ ಅದನ್ನು ತೆಗೆಯಿರಿ, ಇಲ್ಲವಾದರೆ ಒಂದು ಸಪ್ತಕ ಮೇಲಕ್ಕೆ ಒಯ್ಯಿರಿ. ಯಕ್ಷಗಾನದ ಹಿಮ್ಮೇಳ ನೋಡಿದ್ದೀರಲ್ಲ. ಭಾಗವತರು ಪದ ಎತ್ತಿಕೊಂಡಾಗ ಮದ್ದಳೆ ಜೊತೆಯಲ್ಲಿ ನಡೆಯುತ್ತದೆ, ಚೆಂಡೆ ಕಾಯುತ್ತದೆ. ಯುದ್ಧದ ಸನ್ನಿವೇಶ ಬಂದಾಗ ಆ ಚೆಂಡೆಗೆ ಎಷ್ಟು ಬೆಲೆ! ಮೊದಲಿನಿಂದ ಕೊನೆಯ ತನಕ ಬಾರಿಸುತ್ತಲೇ ಇದ್ದಿದ್ದರೆ ಆ ಬೆಲೆ ಬರುತ್ತಿರಲಿಲ್ಲ.

ಸೈಡ್‌ಚೈನ್ ಬಗ್ಗೆ ಕೇಳಿರುತ್ತೀರಿ. ಕಿಕ್ ಬಿದ್ದಾಗಲೆಲ್ಲ ಬೇಸ್ ತಾನಾಗಿ ಒಂದು ಕ್ಷಣ ತಗ್ಗಿ ಮತ್ತೆ ಮೇಲೆ ಬರುವ ಹಾಗೆ ಕಂಪ್ರೆಸರ್ (ಸದ್ದನ್ನು ತಾನಾಗಿ ತಗ್ಗಿಸುವ ಸಾಧನ) ಕಟ್ಟುವುದು. ಡಾನ್ಸ್ ಹಾಡುಗಳಲ್ಲಿ ಆ ಉಸಿರಾಟದ ಹಾಗಿನ ಏರಿಳಿತ ಬರುವುದು ಅದರಿಂದಲೇ. ಬೇಸ್‌ಗೆ ಧಾರಾಳವಾಗಿ ಮಾಡಿ. ಗಿಟಾರಿಗೆ ಎರಡು ಮೂರು ಡೆಸಿಬಲ್ ಸಾಕು. ಅದಕ್ಕಿಂತ ಜಾಸ್ತಿಯಾದರೆ ಗಿಟಾರ್ ನುಡಿಸುವವನ ಕೈ ಸತ್ತು ಹೋಗುತ್ತದೆ.

ಡಿಲೇ ಪೆಡಲ್ (ನುಡಿಸಿದ ಸ್ವರವನ್ನು ಪ್ರತಿಧ್ವನಿಯ ಹಾಗೆ ಮತ್ತೆ ಕೇಳಿಸುವುದು) ಇದ್ದರೆ ಅದನ್ನು ಟೆಂಪೋಗೆ, ಹಾಡಿನ ವೇಗಕ್ಕೆ, ಸರಿಹೊಂದಿಸಿ. ನಿಮ್ಮ ಹಾಡು 128 ಬಿಪಿಎಂ, ನಿಮಿಷಕ್ಕೆ 128 ಬೀಟ್. ಅಂದರೆ ಒಂದು ಬೀಟ್‌ಗೆ 469 ಮಿಲಿಸೆಕೆಂಡ್. ಮುಕ್ಕಾಲು ಬೀಟ್ ಬೇಕಾದರೆ 352. ಈ ಸಂಖ್ಯೆ ಇಟ್ಟು ಒಂದೊಂದೇ ಸ್ವರ ಮೀಟಿ ನೋಡು ತಮ್ಮಾ, ಯಂತ್ರ ನಿನ್ನ ಕೈ ಹಿಡಿದು ನಡೆಸಿದ ಹಾಗೆ ಅನಿಸುತ್ತದೆ. ನಾನು ಮೊದಲ ಸಲ ಕೇಳಿದ ದಿನ ಮನೆಗೆ ಹೋಗುವ ದಾರಿಯಿಡೀ ಅದೇ ಗುನುಗಿದ್ದೆ.

ಶೋ ಮಧ್ಯೆ ಕರೆಂಟ್ ಹೋದರೆ ಟ್ರ್ಯಾಕ್ ಇರುವ ಬ್ಯಾಂಡ್ ಏನು ಮಾಡಬೇಕು? ಈ ಹೆದರಿಕೆಗೇ ನಾವು ಹೊರಾಂಗಣ ಶೋ ಒಪ್ಪುತ್ತಿಲ್ಲ.
— ಡ್ರಮ್ಸ್ ನುಡಿಸುವವಳು, ಸುರತ್ಕಲ್

ಒಪ್ಪಿಕೊಳ್ಳಿ. ನಾನು ಕಂಡದ್ದು ಹೇಳುತ್ತೇನೆ, ಹೆದರಿಕೆ ಕಡಿಮೆಯಾದೀತು.

ಕೆಲವು ವರ್ಷಗಳ ಹಿಂದೆ ಮಲ್ಪೆ ಕಡೆ ಒಂದು ಶೋ. ಮಿಕ್ಸರಿನಲ್ಲಿ ನಾನು. ಮೂರನೇ ಹಾಡಿನ ಮಧ್ಯೆ ಜನರೇಟರ್ ನಿಂತಿತು. ಸ್ಪೀಕರ್ ಸತ್ತವು, ಆಂಪ್ಲಿಫೈಯರ್ ಸತ್ತವು, ಡ್ರಮ್ಮರ್ ಕಿವಿಯ ಕ್ಲಿಕ್ (ತಾಳ ತಪ್ಪದಿರಲು ಹೆಡ್‌ಫೋನಿನಲ್ಲಿ ಕೇಳುವ ಟಿಕ್ ಟಿಕ್) ಕೂಡ ಹೋಯಿತು. ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿ ಮೇಲೆ ಸದ್ದಿಲ್ಲದೆ ಓಡುತ್ತಲೇ ಇತ್ತು. ಕತ್ತಲೆಯಲ್ಲಿ ಅದರ ಸ್ಕ್ರೀನಿನ ಬೆಳಕು ಆ ಹುಡುಗನ ಗಲ್ಲದ ಮೇಲೆ ಬಿದ್ದಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಡ್ರಮ್ಮರ್ ನಿಲ್ಲಿಸಲಿಲ್ಲ. ಬರೀ ಡ್ರಮ್ಸ್, ಹಿಂದೆ ಅಲೆಯ ಸದ್ದು. ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು.

ಕರೆಂಟ್ ಬಂದಾಗ ಟ್ರ್ಯಾಕ್ ಎಲ್ಲೋ ಇತ್ತು, ಡ್ರಮ್ಮರ್ ಇನ್ನೆಲ್ಲೋ. ಅರ್ಧ ಬೀಟ್ ಆಚೀಚೆ. ಲ್ಯಾಪ್‌ಟಾಪಿನ ಹುಡುಗ ತಡಮಾಡದೆ ಅದನ್ನು ಮ್ಯೂಟ್ ಮಾಡಿದ. ಡ್ರಮ್ಮರ್ ಕಡೆ ನೋಡಿ ನಾಲ್ಕು ಬೆರಳು ಎತ್ತಿದ. ನಾಲ್ಕು ಎಣಿಸಿ ಕೋರಸ್ ಬಟನ್ ಒತ್ತಿದ. ಎಲ್ಲರೂ ಒಟ್ಟಿಗೆ ಇಳಿದರು. ಅವತ್ತಿನ ಕೂಗು ಕೇಳಬೇಕಿತ್ತು ನೀವು.

ಅದು ಸಾಧ್ಯವಾಗಿದ್ದು ಅವರು ಹಾಡನ್ನು ಒಂದೇ ಉದ್ದನೆಯ ಫೈಲ್ ಮಾಡಿ ಇಡದೆ ತುಂಡು ತುಂಡು ಮಾಡಿದ್ದರಿಂದ. ಶುರು ಒಂದು, ಚರಣ ಒಂದು, ಕೋರಸ್ ಒಂದು. ಯಾವುದನ್ನು ಬೇಕಾದರೂ ಯಾವಾಗ ಬೇಕಾದರೂ ಕರೆಯಬಹುದು. ನೀವೂ ಹಾಗೇ ಮಾಡಿ. ಮಿಕ್ಸರ್ ಮತ್ತು ಆಡಿಯೋ ಇಂಟರ್‌ಫೇಸ್‌ಗೆ (ಲ್ಯಾಪ್‌ಟಾಪಿನ ಸದ್ದನ್ನು ಹೊರಗೆ ಕಳಿಸುವ ಪೆಟ್ಟಿಗೆ) ಚಿಕ್ಕ ಯುಪಿಎಸ್ ಇಡಿ. ಅವತ್ತು ನಾನು ಇಟ್ಟಿರಲಿಲ್ಲ, ಆ ಬೇಸರ ನನಗೆ ಇನ್ನೂ ಇದೆ. ನಿಮ್ಮ ಹೆಡ್‌ಫೋನಿಗೆ ಬ್ಯಾಟರಿಯದ್ದೇ ಆಂಪ್ಲಿಫೈಯರ್ ಇರಲಿ. ಮತ್ತೆ ವಾರಕ್ಕೆ ಒಂದು ಅಭ್ಯಾಸ ಲ್ಯಾಪ್‌ಟಾಪ್ ಮುಚ್ಚಿಟ್ಟು ಮಾಡಿ.

ಕ್ಲಿಕ್ ಹಾಕುವುದು ಹೇಗೆ ಅಂತಲೂ ಕೇಳಿದ್ದೀರಿ. ಹಣ ಇಲ್ಲದವರ ದಾರಿ ಇದು: ಕ್ಲಿಕ್ಕನ್ನು ಪೂರ್ತಿ ಎಡಕ್ಕೆ ಹಾಕಿ, ಟ್ರ್ಯಾಕನ್ನು ಪೂರ್ತಿ ಬಲಕ್ಕೆ. ಬಲದ್ದು ಮಿಕ್ಸರಿಗೆ, ಎಡದ್ದು ನಿಮ್ಮ ಕಿವಿಗೆ ಮಾತ್ರ. ಟ್ರ್ಯಾಕ್ ಮೋನೋ ಆಗುತ್ತದೆ, ಎಡ ಬಲ ಬೇರೆ ಬೇರೆ ಕೇಳುವುದಿಲ್ಲ. ನಮ್ಮ ಹಾಲ್‌ಗಳಲ್ಲಿ ಅದರಿಂದ ನಷ್ಟವೇನೂ ಇಲ್ಲ.

ಪಿಲಿವೇಷದ (ಹುಲಿವೇಷ ಕುಣಿತದ) ತಾಸೆ ವಾದ್ಯದ ಪೆಟ್ಟನ್ನು ನಮ್ಮ ಹಾಡಿಗೆ ಹಾಕಬೇಕು ಅಂತ ಆಸೆ. ರೆಕಾರ್ಡ್ ಮಾಡಿ ತಂದೆವು. ಎಷ್ಟು ಸಲ ಕೂರಿಸಿದರೂ ಬೀಟ್‌ಗೆ ಸರಿಯಾಗಿ ಕೂರುತ್ತಿಲ್ಲ.
— ಮೂವರು ಗೆಳೆಯರು, ಮಂಗಳೂರು

ಕೂರುವುದಿಲ್ಲ ಮಾರಾಯ್ರೆ, ಅದು ಕೂರುವ ಪೆಟ್ಟಲ್ಲ! ತಾಸೆಯವರು ಗಡಿಯಾರ ನೋಡಿ ಬಾರಿಸುವುದಿಲ್ಲ, ಹುಲಿಯ ಕಾಲು ನೋಡಿ ಬಾರಿಸುತ್ತಾರೆ. ಹುಲಿ ಬಗ್ಗಿದಾಗ ಒಂದು ನಡೆ, ಹಾರಿದಾಗ ಒಂದು ನಡೆ. ಒಂದು ಸುತ್ತಿನೊಳಗೇ ವೇಗ ಏರುತ್ತದೆ. ನೀವು ಅದನ್ನು ಕತ್ತರಿಸಿ ಸಾಫ್ಟ್‌ವೇರಿನ ಗೆರೆಗೆ ಎಳೆದು ಕೂರಿಸಿದ್ದೀರಿ. ಕೇಳಿದೆ. ಪೆಟ್ಟು ಇದೆ, ಹುಲಿ ಇಲ್ಲ.

ತಿರುಗಿಸಿ ಮಾಡಿ. ತಾಸೆಯ ರೆಕಾರ್ಡಿಂಗ್ ಇದ್ದ ಹಾಗೇ ಇರಲಿ. ಅದರ ಮೇಲೆ ಬೀಟ್ ಬೀಟ್ ಗುರುತು ಹಾಕಿ, ಸಾಫ್ಟ್‌ವೇರಿನ ಟೆಂಪೋ ಆ ಗುರುತಿನ ಹಿಂದೆ ನಡೆಯುವ ಹಾಗೆ ಟೆಂಪೋ ಮ್ಯಾಪ್ ಮಾಡಿ. ಕಿಕ್, ಸಿಂಥ್, ಗಿಟಾರ್ ಎಲ್ಲವೂ ತಾಸೆಯ ಹಿಂದೆ ಓಡಲಿ. ಇದಕ್ಕೆ ಒಂದಿಡೀ ದಿನ ಬೇಕು. ಅವಸರ ಮಾಡಬೇಡಿ. ಇನ್ನೂ ಒಳ್ಳೆಯ ದಾರಿ ಅಂದರೆ ತಾಸೆಯವರನ್ನೇ ಸ್ಟೇಜಿಗೆ ಕರೆಯಿರಿ, ಆ ಒಂದು ಭಾಗದಲ್ಲಿ ಲ್ಯಾಪ್‌ಟಾಪ್ ಸುಮ್ನೆ ಇರಲಿ.

ಎರಡು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ರೆಕಾರ್ಡ್ ಮಾಡಿಸಿಕೊಂಡವರಿಗೆ ಹಾಡಿಗಾಗಿ ಅಂತ ಮೊದಲೇ ಹೇಳಿ, ದುಡ್ಡು ಕೊಡಿ, ಹೆಸರು ಹಾಕಿ. ಮತ್ತೆ ಕೋಲದ ನುಡಿ, ದೈವದ ಕೂಗು, ಇದನ್ನೆಲ್ಲ ಡಾನ್ಸ್ ಹಾಡಿಗೆ ತರಬೇಡಿ. ಪಿಲಿವೇಷ ಬೀದಿಯದ್ದು, ಎಲ್ಲರದ್ದು. ದೈವದ ಅಂಗಳ ಹಾಗಲ್ಲ. ನೀವು ತುಳುನಾಡಿನವರು, ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಗಿಟಾರ್ ಮತ್ತು ಲ್ಯಾಪ್‌ಟಾಪ್ ಒಟ್ಟಿಗೆ ಹಾಕಿದ ಕೂಡಲೇ ಗುಂಯ್ ಅನ್ನುತ್ತದೆ. ಪ್ಲಗ್ಗಿನ ದೊಡ್ಡ ಪಿನ್ ತೆಗೆದರೆ ಹೋಗುತ್ತದೆ ಅಂತ ಗೆಳೆಯ ಹೇಳಿದ.
— ವಿದ್ಯಾರ್ಥಿ, ಕಾರ್ಕಳ

ಬೇಡ! ಅದು ಅರ್ಥ್ ಪಿನ್. ಕೈ ಗಿಟಾರ್ ತಂತಿಯ ಮೇಲೆ, ತುಟಿ ಮೈಕಿನ ಮೇಲೆ, ನೆಲ ಒದ್ದೆ. ಜೀವಕ್ಕೇ ಅಪಾಯ. ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಗ್ರೌಂಡ್ ಲಿಫ್ಟ್ (ಸದ್ದಿನ ವಯರಿನ ಗ್ರೌಂಡ್ ಮಾತ್ರ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್ ಅನ್ನುವ ಚಿಕ್ಕ ಪೆಟ್ಟಿಗೆ ಹಾಕು, ಎಲ್ಲದಕ್ಕೂ ಕರೆಂಟ್ ಒಂದೇ ಬೋರ್ಡಿನಿಂದ ಎಳೆ. ಹೆಚ್ಚಿನ ಸಲ ಅಷ್ಟಕ್ಕೇ ಗುಂಯ್ ನಿಲ್ಲುತ್ತದೆ.

ರಾತ್ರಿ ಎಷ್ಟು ಗಂಟೆ ತನಕ ನುಡಿಸಬಹುದು?
— ಕಾರ್ಯಕ್ರಮ ಮಾಡುವವರು, ಕಾಪು

ಬಯಲಲ್ಲಿ ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಬೇಕು, ಮತ್ತೆ ಬೆಳಿಗ್ಗೆ ಆರರ ನಂತರ. 2000ದ ಶಬ್ದಮಾಲಿನ್ಯ ನಿಯಮ ಇದು. ಮುಚ್ಚಿದ ಸಭಾಂಗಣದ ಒಳಗೆ, ಸದ್ದು ಒಳಗೇ ಉಳಿಯುವ ಹಾಗಿದ್ದರೆ, ವಿನಾಯಿತಿ ಇದೆ. ನಿಮ್ಮ ಮುಖ್ಯ ಬ್ಯಾಂಡನ್ನು ಎಂಟೂವರೆಗೇ ಸ್ಟೇಜಿಗೆ ಹತ್ತಿಸಿ. ಭಾಷಣ ಕಡಿಮೆ ಮಾಡಿ.

ಮಳೆಗಾಲದಲ್ಲಿ ಗಿಟಾರ್ ತಂತಿಗೆ ಹದಿನೈದು ದಿನದಲ್ಲಿ ತುಕ್ಕು.
— ಓದುಗ, ಕುಂದಾಪುರ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಮೇಲೆ ಮಳೆ, ಜೊತೆಗೆ ಕಡಲ ಉಪ್ಪು ಗಾಳಿ. ನುಡಿಸಿದ ಮೇಲೆ ಹಳೆಯ ಹತ್ತಿ ಬಟ್ಟೆಯಲ್ಲಿ ತಂತಿಯ ಮೇಲೂ ಕೆಳಗೂ ಒರೆಸಿ. ಗಟ್ಟಿ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಗೋಡೆಗೆ ತೂಗು ಹಾಕಬೇಡಿ.

ಸರ್, ನನ್ನ ಮಗ ಕೆಲಸದ ಜೊತೆಗೆ ಇಂಥ ಒಂದು ಬ್ಯಾಂಡಿನಲ್ಲಿದ್ದಾನೆ. ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದೇನೆ. ಬಟನ್ ಒತ್ತಿದರೆ ಬರುವುದು ಸಂಗೀತವಾ? ಇದು ನಮ್ಮದಾ? ಜಗಳಕ್ಕೆ ಕೇಳುತ್ತಿಲ್ಲ, ಅರ್ಥ ಮಾಡಿಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.
— ತಾಯಿ, ಕದ್ರಿ

ಅಮ್ಮಾ, ನಿಮ್ಮ ಪತ್ರ ನನ್ನ ಮೇಜಿನ ಮೇಲೆ ಒಂದು ವಾರ ಇತ್ತು. ಸುಮ್ನೆ ಬರೆದು ಮುಗಿಸುವ ಮನಸ್ಸಾಗಲಿಲ್ಲ.

ನೀವು ಕದ್ರಿಯವರು, ಹಾಗಾಗಿ ಕದ್ರಿ ಗೋಪಾಲನಾಥರಿಂದಲೇ ಶುರು ಮಾಡುತ್ತೇನೆ. ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಬಿದ್ದರು. ಅದು ನಮ್ಮ ಗಮಕಕ್ಕೆ, ಸ್ವರವನ್ನು ತೂಗಿ ಜಾರಿಸುವುದಕ್ಕೆ, ಅಂತ ಮಾಡಿದ ವಾದ್ಯವೇ ಅಲ್ಲ. ವರ್ಷಗಟ್ಟಲೆ ಕೂತು, ವಾದ್ಯದಲ್ಲೇ ಬದಲಾವಣೆ ಮಾಡಿಕೊಂಡು, ಅದರಲ್ಲಿ ಗಮಕ ಬರಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್‌ಗೆ ನುಡಿಸಿದರು. 2019ರಲ್ಲಿ ಅವರು ಹೋದಾಗ ಸ್ಯಾಕ್ಸೋಫೋನ್ ಹೊರಗಿನದ್ದು ಅಂತ ಯಾರಿಗಾದರೂ ಅನಿಸಿತಾ?

ಯಂತ್ರದ ಕಥೆಯೂ ಅಷ್ಟು ದೂರದ್ದಲ್ಲ. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಅನ್ನುವವರು ರೋಲ್ಯಾಂಡ್ ಕಂಪನಿಯ ಡ್ರಮ್ ಮಷಿನ್ ಮತ್ತು ಸಿಂಥಸೈಜರ್ ಇಟ್ಟುಕೊಂಡು ಹತ್ತು ರಾಗಗಳನ್ನು ರೆಕಾರ್ಡ್ ಮಾಡಿದರು. ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು ಅವರು. ಆಗ ಹೆಚ್ಚು ಜನ ತಿರುಗಿ ನೋಡಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ ಲೋಕದ ಡಾನ್ಸ್ ಸಂಗೀತದವರು ಬೆರಗಾದರು. ಇಂಗ್ಲೆಂಡಿನ ನ್ಯೂ ಆರ್ಡರ್ ಬ್ಯಾಂಡ್ ಗಿಟಾರ್ ಜೊತೆ ಡ್ರಮ್ ಮಷಿನ್ ಕೂರಿಸಿ ಹೆಸರು ಮಾಡಿದ್ದು 1983ರಲ್ಲಿ. ಚರಣ್‌ಜಿತ್ ಸಿಂಗ್ ಅವರ ಹತ್ತು ರಾಗಗಳಲ್ಲಿ ಒಂದಾದ ಭೈರವಿ ಅದಕ್ಕಿಂತ ಮೊದಲೇ ನಮ್ಮ ದೇಶದಲ್ಲಿ ಡ್ರಮ್ ಮಷಿನ್ ಮೇಲೆ ನಡೆದಾಗಿತ್ತು.

ಬಟನ್ ವಿಷಯ. ನಿಮ್ಮ ತರಗತಿಯಲ್ಲೂ ಶ್ರುತಿಗೆ ಎಲೆಕ್ಟ್ರಾನಿಕ್ ತಂಬೂರಿ ಇರಬಹುದು. ಅದನ್ನು ಆನ್ ಮಾಡಿದ್ದಕ್ಕೆ ಹಾಡು ಬಂತು ಅಂತ ಯಾರೂ ಹೇಳುವುದಿಲ್ಲ. ನಿಮ್ಮ ಮಗ ಆ ಬಟನ್ ಒತ್ತುವ ಮೊದಲು ಒಂದು ಕಿಕ್ಕಿನ ಸದ್ದಿಗಾಗಿ ಎಷ್ಟು ರಾತ್ರಿ ಕೂತಿದ್ದಾನೆ ಅಂತ ನಿಮಗೇ ಗೊತ್ತು, ಪಕ್ಕದ ಕೋಣೆಯಲ್ಲಿ ನೀವೇ ಮಲಗಿದವರು. ಎಲ್ಲ ಬ್ಯಾಂಡೂ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಟ್ರ್ಯಾಕ್ ಹಾಕಿ ಮೇಲೆ ಕುಣಿದು ಹೋಗುವವರೂ ಇದ್ದಾರೆ, ನನಗೆ ಅದು ಇಷ್ಟವಿಲ್ಲ. ಆದರೆ ಯಂತ್ರದ ಲಯ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಅದರ ಎದುರು ನಿಂತು ಒಬ್ಬ ಗಿಟಾರಿನವ ಒಂದು ಸ್ವರವನ್ನು ಸ್ವಲ್ಪ ಹಿಂದೆ ಎಳೆದು ಬಿಟ್ಟಾಗ, ಅದು ಮನುಷ್ಯನ ಕೈ ಅಂತ ಅಲ್ಲೇ ಕೇಳುತ್ತದೆ.

ಅವನ ಮುಂದಿನ ಶೋಗೆ ನೀವು ಹೋಗಿ. ಮುಂದಿನ ಸಾಲಿನಲ್ಲಿ ಕೂರಬೇಡಿ, ಸಬ್‌ವೂಫರ್ ಎದೆಗೆ ಬಡಿಯುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಇಯರ್‌ಪ್ಲಗ್ ಒಂದು ಜೊತೆ ಪರ್ಸಿನಲ್ಲಿ ಇಟ್ಟುಕೊಳ್ಳಿ. ಹಾಲಿನ ನಡುವೆ, ಸ್ವಲ್ಪ ಹಿಂದಕ್ಕೆ, ಮಿಕ್ಸರ್ ಇರುತ್ತದೆ. ಅದರ ಪಕ್ಕ ಒಂದು ಕುರ್ಚಿ ಹಾಕಿ ಕೊಡಿ ಅಂತ ಸೌಂಡಿನವರಿಗೆ ಹೇಳಿ. ಎಲ್ಲವೂ ಸರಿಯಾಗಿ ಕೇಳುವ ಜಾಗ ಅದೊಂದೇ. ಮಂಗಳೂರಿನಲ್ಲಿ ಆಗುವುದಾದರೆ ನನಗೆ ತಿಳಿಸಿ, ಕುರ್ಚಿ ನಾನೇ ಹಾಕಿಡುತ್ತೇನೆ.