ಹಿಂದಿನ ಶಾಕ್ ಬದಲಿಸಿದ ಮೇಲೆ ಸ್ಟೀರಿಂಗ್ ಓರೆಯಾಯಿತೇ?

ಇಲ್ಲಿಗೆ ಹೊಸಬರು, ಹಳೇ ಕಾರು ತಗೊಂಡಿದ್ದೀರಿ, ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದ ಮೇಲೆ ನೇರ ಓಡಿಸುವಾಗಲೂ ಸ್ಟೀರಿಂಗ್ ಓರೆ ನಿಲ್ಲುತ್ತಿದೆ. ಗ್ಯಾರೇಜಿನವರು ಅಲೈನ್‌ಮೆಂಟಿಗೆ (ಚಕ್ರಗಳ ಕೋನ ಸರಿಹೊಂದಿಸುವುದಕ್ಕೆ) ಬೇರೆ ದುಡ್ಡು ಅನ್ನುತ್ತಿದ್ದಾರೆ. ಪರದೇಶದಲ್ಲಿ ಹೊಸಬರಿಗೆ ಹೀಗೇ ಟೋಪಿ ಹಾಕುತ್ತಾರಾ ಅಂತ ಕೇಳಿದ್ದೀರಿ. ನಾನು ಇಲ್ಲಿ ಬಂದು ನೆಲೆಸಿ ಬಹಳ ವರ್ಷವಾಯಿತು, ಟೋಪಿ ಅಂತ ಈಗಲೇ ಹೇಳಲಾರೆ. ಆದರೆ ಸುಮ್ನೆ ದುಡ್ಡು ಕೊಟ್ಟು ಬರಬೇಡಿ.

ಮೊದಲು ಕಾರಿನ ಕೆಳಗೆ ಇಣುಕಿ. ಎರಡು ಹಿಂದಿನ ಚಕ್ರಗಳ ನಡುವೆ ಒಂದೇ ಅಡ್ಡ ಬೀಮ್ ಇದ್ದು, ಶಾಕ್ ಬೇರೆ ಸ್ಪ್ರಿಂಗ್ ಬೇರೆ ಇದ್ದರೆ, ಶಾಕ್ ಬದಲಿಸಿದ ಮಾತ್ರಕ್ಕೆ ಅಲೈನ್‌ಮೆಂಟ್ ಕೆಡುವುದಿಲ್ಲ. ಶಾಕ್‌ನ ಕೆಲಸ ಕುಲುಕಾಟ ತಡೆಯುವುದಷ್ಟೇ. ಶಾಕ್, ಸ್ಪ್ರಿಂಗ್ ಒಂದೇ ಜೋಡಣೆಯಾಗಿರುವ ಸ್ಟ್ರಟ್ ಆದರೆ ಕಥೆ ಬೇರೆ, ಅದು ಚಕ್ರ ಹಿಡಿದಿರುವ ನಕಲ್ (knuckle) ಎಂಬ ಭಾಗಕ್ಕೇ ಕೂತಿರುತ್ತದೆ, ಬಿಚ್ಚಿ ಹಾಕಿದರೆ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಗೋ ಹೊರಗೋ ವಾಲಿರುವುದು), ಟೋ (ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು) ಸರಿಯಬಹುದು, ಅಲೈನ್‌ಮೆಂಟ್ ಮಾಡಿಸಲೇಬೇಕು.

ನನಗೆ ಅನುಮಾನ ಮಲ್ಟಿ ಲಿಂಕ್ ಮೇಲೆ, ಅಂದರೆ ಪ್ರತಿ ಹಿಂದಿನ ಚಕ್ರವನ್ನೂ ಹಲವು ಆರ್ಮ್‌ಗಳು (ಲೋಹದ ತೋಳುಗಳು) ಹಿಡಿದಿರುವ ಬಗೆ. ಶಾಕ್ ಹೊರಗೆ ಎಳೆಯಲು ಜಾಗ ಸಾಲದೆ ಕೆಲವರು ಕೆಳಗಿನ ಆರ್ಮ್ ಬೋಲ್ಟನ್ನೂ ಸಡಿಲಿಸುತ್ತಾರೆ. ಹಲವು ಕಾರುಗಳಲ್ಲಿ ಅದೇ ಟೋ ಹೊಂದಿಸುವ ಕ್ಯಾಮ್ ಬೋಲ್ಟ್: ತೂತು ನಡುಮಧ್ಯ ಇರದ ದುಂಡು ವಾಷರ್, ಅದರ ಅಂಚಿನಲ್ಲಿ ಸಣ್ಣ ಗೆರೆಗಳು. ಬಿಚ್ಚುವ ಮೊದಲು ಬಣ್ಣದಲ್ಲಿ ಗುರುತು ಹಾಕದಿದ್ದರೆ ಆ ಚಕ್ರದ ಟೋ ಹೋಯಿತು ಅಂತಲೇ ಲೆಕ್ಕ. ಆಮೇಲೆ ಹಿಂದಿನ ಚಕ್ರಗಳು ಕಾರನ್ನು ಓರೆಯಾಗಿ ತಳ್ಳುತ್ತವೆ, ನೀವು ಸ್ಟೀರಿಂಗ್ ತಿರುಗಿಸಿ ಹಿಡಿದು ನೇರ ಮಾಡುತ್ತೀರಿ. ಕೆಲಸ ಆಗಿದ್ದು ಹಿಂದೆ, ಕಾಣಿಸುವುದು ಮುಂದೆ! ಆದ್ದರಿಂದ ಮುಂದಿನ ಎರಡು ಚಕ್ರಕ್ಕೆ ಮಾತ್ರ ಮಾಡುತ್ತೇವೆ ಅಂದರೆ ಒಪ್ಪಬೇಡಿ, ನಾಲ್ಕೂ ಬೇಕು.

ಇನ್ನೊಂದು ಕೇಳಿ ನೋಡಿ, ಆರ್ಮ್ ಬೋಲ್ಟನ್ನು ಚಕ್ರ ನೇತಾಡುತ್ತಿದ್ದಾಗಲೇ ಬಿಗಿ ಮಾಡಿದರಾ ಅಂತ. ಹಾಗೆ ಮಾಡಿದರೆ ಕಾರು ಇಳಿಸಿದಾಗ ಆರ್ಮ್ ತುದಿಯ ರಬ್ಬರ್ ಬುಷ್ ತಿರುಚಿಕೊಂಡೇ ಕೂರುತ್ತದೆ, ಎತ್ತರವೂ ಸ್ವಲ್ಪ ವ್ಯತ್ಯಾಸ, ಬುಷ್ ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಇದನ್ನು ಸರಿ ಮಾಡದೆ ಅಲೈನ್‌ಮೆಂಟ್ ಮಾಡಿಸಿದರೆ ದಂಡ.

ಹೋಗುವ ಮೊದಲು ನಾಲ್ಕೂ ಟೈರಿನ ಗಾಳಿ ನೋಡಿಕೊಳ್ಳಿ. ಒಂದು ಕಡೆ ಕಡಿಮೆಯಿದ್ದರೂ ಕಾರು ಆ ಕಡೆಗೆ ಎಳೆಯುತ್ತದೆ ಅಲ್ವಾ.

ದುಡ್ಡಿನ ವಿಷಯ. ಅಲೈನ್‌ಮೆಂಟ್ ಮೆಷಿನ್‌ನಿಂದ ಮೊದಲಿನ ಮತ್ತು ನಂತರದ ಅಳತೆ ಎರಡನ್ನೂ ಪ್ರಿಂಟ್ ತೆಗೆಯಬಹುದು, ಕೇಳಿ ತಗೊಳ್ಳಿ. ಮೊದಲಿನ ಕಾಲಮ್ಮಿನಲ್ಲಿ ಹಿಂದಿನ ಟೋ, ಥ್ರಸ್ಟ್ ಆಂಗಲ್ (ಹಿಂದಿನ ಚಕ್ರಗಳು ಕಾರನ್ನು ತಳ್ಳುವ ದಿಕ್ಕಿನ ಓರೆ) ಕೆಂಪಾಗಿದ್ದು, ಅಂದರೆ ಮಿತಿ ಮೀರಿದ್ದು, ಕ್ಯಾಮ್ ಬೋಲ್ಟ್ ಬಿಚ್ಚಿದ್ದು ಅವರೇ ಆಗಿದ್ದರೆ ಅದನ್ನು ತೋರಿಸಿ ಕೇಳಿ, ನಾನಂತೂ ಕೊಡುತ್ತಿರಲಿಲ್ಲ. ಸ್ಟ್ರಟ್ ಕಾರಾದರೆ ಕೊಡುವುದು ನ್ಯಾಯ, ಮೊದಲೇ ಹೇಳಬೇಕಿತ್ತು ಅಂತ ಒಂದು ಮಾತು ಅಂದು ಕೊಡಿ.