ಬಿಸಿಲು ಹೆಂಗಸರಿಗೆ ತಡೆಯಲ್ವಾ?

ಪ್ರಶ್ನೆ: ನಮ್ಮದು ರಾಯಚೂರು ಕಡೆ, ಎರಡೆಕರೆ ಮೆಣಸಿನಕಾಯಿ ಇದೆ. ನಾನು ಬೆಳಿಗ್ಗೆ ಆರಕ್ಕೇ ಹೊಲಕ್ಕೆ ಹೋಗಿ ಹತ್ತಕ್ಕೆಲ್ಲ ವಾಪಸ್ ಬರುತ್ತೇನೆ. ಹೆಂಡತಿ ಒಂಬತ್ತಕ್ಕೆ ಬಂದು ಕೂಲಿಯವರ ಜೊತೆ ಮೂರರವರೆಗೆ ಕಾಯಿ ಬಿಡಿಸುತ್ತಾಳೆ. ಈಗ ಅವಳಿಗೆ ದಿನಾ ತಲೆನೋವು, ಕಣ್ಣು ಕತ್ತಲೆ, ಉರಿಮೂತ್ರ. ಹೆಂಗಸರ ಮೈಗೆ ಬಿಸಿಲು ತಡೆಯಲ್ಲ ಅಂತಾಳೆ ನಮ್ಮವ್ವ. ನಿಜವಾ? ಏನು ಕುಡಿಸಲಿ?

ಉತ್ತರ: ಆರರಿಂದ ಒಂಬತ್ತರವರೆಗೆ ಅವರು ಎಲ್ಲಿರುತ್ತಾರೆ ಅಂತ ನೀವು ಬರೆದೇ ಇಲ್ಲ. ನಾನೇ ಹೇಳಲಾ? ನೀರು ತುಂಬುವುದು, ಸಗಣಿ ಬಾಚುವುದು, ರೊಟ್ಟಿ ಬಡಿಯುವುದು, ಮಕ್ಕಳನ್ನು ಹೊರಡಿಸುವುದು. ತಂಪು ಹೊತ್ತೆಲ್ಲ ಒಲೆ ಮುಂದೆ ಮುಗಿಯಿತು, ಇನ್ನು 40 ಡಿಗ್ರಿಗೆ ಹೊಲ.

ಮೈಯಲ್ಲಿ ವ್ಯತ್ಯಾಸ ಸ್ವಲ್ಪ ಇದೆ, ಹೆಂಗಸರು ಸಾಮಾನ್ಯವಾಗಿ ಕಡಿಮೆ ಬೆವರುತ್ತಾರೆ. ಆದರೆ ಬಿಸಿಲಲ್ಲಿ ದುಡಿದು ಪಳಗಿದವರಲ್ಲಿ ಅದು ದೊಡ್ಡದಲ್ಲ. ಮೂಟೆ ಹೊರುವ, ಔಷಧಿ ಹೊಡೆಯುವ ಗಂಡಸರೂ ಬಿಸಿಲಿಗೆ ಬಿದ್ದು ಸಾಯುತ್ತಾರೆ, ಸುಸ್ತಾಯಿತು ಅಂತ ಹೇಳಲು ನಾಚಿಕೆ ಬೇರೆ.

ಕಾಯಿ ಬಿಡಿಸುವಾಗ ಅವರನ್ನು ಒಮ್ಮೆ ನೋಡಿ. ಸೀರೆ ಮೇಲೆ ನಿಮ್ಮ ಹಳೇ ತುಂಬುತೋಳಿನ ಅಂಗಿ, ಘಾಟಿಗೆ ಮೂಗು ಬಾಯಿ ಮುಚ್ಚಿ ಬಟ್ಟೆ. ಮೈಗೆ ಗಾಳಿ ಎಲ್ಲಿಂದ ಬರಬೇಕು? ಇಷ್ಟರ ಮೇಲೆ, ಮರೆಗೆ ಹೋಗಲು ಜಾಗವಿಲ್ಲ ಅಂತ ನೀರೇ ಕುಡಿಯದೆ ಕೂರುತ್ತಾರೆ, ಉರಿಮೂತ್ರ ಶುರುವಾಗುವುದೇ ಹೀಗೆ. ಮೊದಲು ಡಾಕ್ಟರಿಗೆ ತೋರಿಸಿ. ಮರೆಗೆ ಅಂತ ಬದುವಿನ ಪಕ್ಕ ನಾಲ್ಕು ಗೂಟ ನೆಟ್ಟು ಸುತ್ತ ಹಳೇ ಸೀರೆ ಕಟ್ಟಿ, ಕೂಲಿಯವರಿಗೂ ಆಗುತ್ತದೆ. ಅವರಿಗೆ ಕೆಜಿ ಲೆಕ್ಕದ ಕೂಲಿಯಾದರೆ ನೆರಳಿಗೆ ಕೂರುವುದೇ ಇಲ್ಲ, ನೀವೇ ಕರೆದು ಕೂರಿಸಬೇಕು. ಬಸುರಿಯರಿದ್ದರೆ ಮಧ್ಯಾಹ್ನದ ಕೆಲಸ ಬೇಡವೇ ಬೇಡ, ದಿನ ತುಂಬುವ ಮೊದಲೇ ಹೆರಿಗೆ ಆಗುವ ಭಯ ಇರುತ್ತದೆ.

ಕುಡಿಯಲು ಉಪ್ಪು ಹಾಕಿದ ಮಜ್ಜಿಗೆ ಸಾಕು. ಇಲ್ಲವಾದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದಲ್ಲಿ. ಮಾತು ತೊದಲಿದರೆ, ಗೊಂದಲವಾದರೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಬೇಸಿಗೆಯಲ್ಲಿ ನಿಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ, ಫ್ಯಾನ್ ಕೆಳಗೆ ಕೂತವರಿಗೇ ಅಷ್ಟು ರಿಯಾಯಿತಿ. ನಿಮ್ಮ ಮನೆಯಲ್ಲೂ ಟೈಮ್ ಬದಲಾಯಿಸಿ. ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಒಮ್ಮೆಗೇ ಮಾಡಿಡಬಹುದು. ನೀರು, ಸಗಣಿ ನೀವು ನೋಡಿಕೊಳ್ಳಿ. ಆರಕ್ಕೆ ಇಬ್ಬರೂ ಹೊರಡಿ, ಹನ್ನೊಂದಕ್ಕೆ ಇಬ್ಬರೂ ವಾಪಸ್. ಅವ್ವನಿಗೂ ಇದನ್ನು ಓದಿ ಹೇಳಿ.