ಆಹಾರ ಮಾರ್ಗಸೂಚಿ ಪಾಲಿಸಿದರೂ ತೂಕ ಏರುವುದೇಕೆ?

ಸರ್ಕಾರದ ಆಹಾರ ಮಾರ್ಗಸೂಚಿಯನ್ನು ಚಾಚೂ ತಪ್ಪದೆ ಪಾಲಿಸಿದರೂ ತೂಕ ಏರುತ್ತಿದೆ, ಹಾಗಾದರೆ ಮಾರ್ಗಸೂಚಿಯೇ ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ. ಆದರೆ ತೂಕ ಇಳಿಸುವ ಚೀಟಿ ಎಂದು ಅದನ್ನು ಯಾರೂ ಬರೆದಿಲ್ಲ.

ಮಾರ್ಗಸೂಚಿ ಮುಖ್ಯವಾಗಿ ಹೇಳುವುದು ತಟ್ಟೆಯಲ್ಲಿ ಏನೇನಿರಬೇಕು ಎಂದು. ಎಷ್ಟು ಎಂಬುದು ಇದ್ದರೂ ಅದು ಸರಾಸರಿ ಲೆಕ್ಕ, ಹೆಚ್ಚಾಗಿ ದಿನಕ್ಕೆ 2000 ಕ್ಯಾಲರಿಯ ಸುತ್ತ. ಕುಳಿತೇ ಕೆಲಸ ಮಾಡುವ ಸಣ್ಣ ಮೈಕಟ್ಟಿನವರಿಗೆ 1600 ಸಾಕಾಗಬಹುದು. ಅವರು ಅದೇ ಪಟ್ಟಿಯನ್ನು ನಿಷ್ಠೆಯಿಂದ ಪಾಲಿಸಿದರೆ ನಿಷ್ಠೆಯಿಂದಲೇ ದಪ್ಪಗಾಗುತ್ತಾರೆ.

'ಒಂದು ಪಾಲು' ಎಂಬ ಮಾತಿನಲ್ಲೂ ಜನ ಎಡವುತ್ತಾರೆ. ಅಮೆರಿಕದ 1992ರ ಆಹಾರ ಪಿರಮಿಡ್ ದಿನಕ್ಕೆ 6ರಿಂದ 11 ಪಾಲು ಧಾನ್ಯ ಎಂದಿತ್ತು. ಅಲ್ಲಿ ಪಾಲು ಎಂದರೆ ಬರೀ ಅರ್ಧ ಕಪ್ ಅನ್ನ ಅಥವಾ ಒಂದು ಸ್ಲೈಸ್ ಬ್ರೆಡ್. ಅದನ್ನು ಒಂದು ತಟ್ಟೆ ಎಂದು ಓದಿಕೊಂಡರೆ ಕತೆ ಮುಗಿಯಿತು. ನಿಮ್ಮ ಮಾರ್ಗಸೂಚಿಯ ತೂಕ ಬೇಯಿಸುವ ಮೊದಲಿನದೋ ಬೇಯಿಸಿದ ಮೇಲಿನದೋ ನೋಡಿಕೊಳ್ಳಿ. 100 ಗ್ರಾಂ ಅಕ್ಕಿ ಬೆಂದ ಮೇಲೆ ಸುಮಾರು 250ರಿಂದ 300 ಗ್ರಾಂ ತೂಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಲೆಕ್ಕ ತಪ್ಪುವುದು ಎಣ್ಣೆಯಲ್ಲಿ. 'ಒಳ್ಳೆಯ ಕೊಬ್ಬು' ಆದರೂ ಗ್ರಾಮಿಗೆ 9 ಕ್ಯಾಲರಿಯೇ. ಒಂದು ದೊಡ್ಡ ಚಮಚಕ್ಕೆ ಹತ್ತಿರ ಹತ್ತಿರ 120. ಒಗ್ಗರಣೆಗೆ ಸುರಿಯುವ ಕೈಗೆ ಅಳತೆ ಗೊತ್ತಿರುವುದಿಲ್ಲ. ಹಾಗಾಗಿ ಚಮಚ ಎಣಿಸುವ ಬದಲು ತಿಂಗಳಿಗೆ ಖರ್ಚಾದ ಎಣ್ಣೆಯನ್ನು ತಲೆಗೆ, ದಿನಕ್ಕೆ ಭಾಗಿಸಿ. 4 ಜನರ ಮನೆಯಲ್ಲಿ 30 ದಿನಕ್ಕೆ 3.6 ಲೀಟರ್ ಆದರೆ ಒಬ್ಬರಿಗೆ ದಿನಕ್ಕೆ 30 ಮಿಲಿಲೀಟರ್, ಅಂದರೆ ಸುಮಾರು 245 ಕ್ಯಾಲರಿ. ತುಪ್ಪ, ಬೆಣ್ಣೆ, ಹೊರಗಿನ ಕರಿದ ತಿಂಡಿ ಇದರಲ್ಲಿ ಸೇರಿಲ್ಲ. ಒಣಬೀಜಗಳೂ ಇದೇ ಜಾತಿ: 30 ಗ್ರಾಮಿಗೆ 170ರ ಮೇಲೆ. ಹಣ್ಣಿನ ರಸವನ್ನು ಹಣ್ಣಿನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಅದರ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮಿತಿಗೊಳಿಸಬೇಕಾದ ಸಕ್ಕರೆಯ ಗುಂಪಿಗೇ ಸೇರಿಸುತ್ತದೆ.

ಮಾರ್ಗಸೂಚಿ ಪಾಲಿಸುವವರಲ್ಲಿ ಬೊಜ್ಜು ಕಡಿಮೆ ಎನ್ನುವ ಅಧ್ಯಯನಗಳನ್ನೂ ಸ್ವಲ್ಪ ಹುಷಾರಾಗಿ ಓದಬೇಕು. ಅವುಗಳಲ್ಲಿ ಹೆಚ್ಚಿನವು ಜನರನ್ನು ಕೇಳಿ ಬರೆದುಕೊಂಡವು. ತಿಂದದ್ದನ್ನು ಕಡಿಮೆ ಹೇಳುವುದು ಮನುಷ್ಯ ಸಹಜ, ತೂಕ ಹೆಚ್ಚಿರುವವರಲ್ಲಿ ಇನ್ನೂ ಹೆಚ್ಚು. ಪಾಲಿಸುವವರು ನಡೆಯುವುದೂ ಜಾಸ್ತಿ, ಸಿಗರೇಟು ಸೇದುವುದೂ ಕಡಿಮೆ. ಯಾವುದರ ಫಲ ಎಂದು ಬಿಡಿಸುವುದು ಕಷ್ಟ. ನನಗೆ ಹೆಚ್ಚು ತೂಕದ್ದೆನಿಸುವುದು ಅಮೆರಿಕದ ಪೋಷಣಾ ಸಂಶೋಧಕ ಕೆವಿನ್ ಹಾಲ್ ತಂಡದ 2019ರ ಪ್ರಯೋಗ. 20 ಜನರಿಗೆ ಎರಡು ವಾರ ಅತಿಯಾಗಿ ಸಂಸ್ಕರಿಸಿದ (ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ತಿನಿಸಿನಂಥ) ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟರು. ಬಡಿಸಿದ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಆದರೂ ಸಂಸ್ಕರಿಸಿದ್ದು ಸಿಕ್ಕಾಗ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ಪೋಷಕಾಂಶದ ಪಟ್ಟಿ ಮಾತ್ರ ನೋಡಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ನೀವು ಈಗ ಮಾಡಬೇಕಾದ್ದು: ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಒಂದೇ ತಕ್ಕಡಿಯಲ್ಲಿ ದಿನಾ ತೂಕ ನೋಡಿ. ದಿನದಿಂದ ದಿನಕ್ಕೆ ಒಂದು ಕಿಲೋ ಏರಿಳಿತ ನೀರಿನದು, ಅದಕ್ಕೆ ತಲೆ ಕೆಡಿಸಿಕೊಳ್ಳದೆ ವಾರದ ಸರಾಸರಿ ತೆಗೆಯಿರಿ. ನಾಲ್ಕು ವಾರದ ಸರಾಸರಿ ಏರುತ್ತಲೇ ಇದ್ದರೆ ದಿನಕ್ಕೆ 200ರಿಂದ 300 ಕ್ಯಾಲರಿ ಇಳಿಸಿ, ಮೊದಲು ಎಣ್ಣೆ ಮತ್ತು ಧಾನ್ಯದಿಂದ. ತರಕಾರಿ, ಬೇಳೆಯನ್ನು ಮುಟ್ಟಬೇಡಿ. ಸ್ಟೀರಾಯ್ಡ್, ಇನ್ಸುಲಿನ್ ಅಥವಾ ಮಾನಸಿಕ ಆರೋಗ್ಯದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಟ್ಟೆಗೆ ಕೈಹಾಕುವ ಮೊದಲೇ ವೈದ್ಯರನ್ನು ಕೇಳಿ, ಏಕೆಂದರೆ ಇವುಗಳಲ್ಲಿ ಕೆಲವು ತಾವೇ ತೂಕ ಏರಿಸುತ್ತವೆ.